ಅಕ್ಕನ ಹುಳದ ಮನೆಗೆ ನಾನು ಒಯ್ದ ನೀಲಿ ಡ್ರಮ್ಮು

ಬ್ಯುಟೈಲ್ ಬ್ರೋಮೈಡ್ ನೋಡಲು ನೀರಿನ ಹಾಗೇ ಇರುತ್ತದೆ. ಲೋಟದಲ್ಲಿ ಹಾಕಿಟ್ಟರೆ ಬಾಯಾರಿ ಬಂದವರು ಎತ್ತಿ ಕುಡಿದುಬಿಡಬಹುದು, ಅಷ್ಟು ತಿಳಿ. ವಾಸನೆ ಮಾತ್ರ ಬೇರೆ. ಒಂಥರಾ ಸಿಹಿ, ಅದರ ಹಿಂದೆಯೇ ಗಂಟಲಿಗೆ ಹತ್ತುವ ಘಾಟು. ಕನಕಪುರ ರಸ್ತೆಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಹತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಇದು ತಾನಾಗಿ ಯಾವ ಕೆಲಸಕ್ಕೂ ಬರುವ ವಸ್ತುವಲ್ಲ. ಬೇರೆ ಕಾರ್ಖಾನೆಗೆ ಹೋಗಿ, ತನ್ನಲ್ಲಿರುವ ಬ್ರೋಮಿನ್ನನ್ನು ಬಿಟ್ಟುಕೊಟ್ಟು, ಇನ್ನೊಂದಕ್ಕೆ ಅಂಟಿಕೊಂಡ ಮೇಲೆ ಔಷಧಿಯೋ ಮತ್ತೊಂದೋ ಆಗುತ್ತದೆ. ಅದನ್ನು ನಾವು ನೋಡುವುದಿಲ್ಲ. ನಮ್ಮ ಗೇಟು ದಾಟಿದ ಮೇಲೆ ಅದು ಏನಾಯಿತೆಂದು ಯಾರೂ ನಮಗೆ ಹೇಳುವುದಿಲ್ಲ.

ನನ್ನ ಕೆಲಸ ಗಾಜಿನ ಕಿಂಡಿಯ ಮುಂದೆ. ಬ್ಯುಟನಾಲು, ಸೋಡಿಯಂ ಬ್ರೋಮೈಡು, ಆಸಿಡ್ಡು ಸೇರಿಸಿ ಕುದಿಸಿ, ಬಟ್ಟಿ ಇಳಿಸಿ, ಬಂದದ್ದನ್ನು ಒಂದು ಎತ್ತರದ ಪಾತ್ರೆಯಲ್ಲಿ ನೀರು ಹಾಕಿ ತೊಳೆಯುತ್ತಾರೆ. ಆಮೇಲೆ ಕಲಕದೆ ಬಿಡಬೇಕು. ಸ್ವಲ್ಪ ಹೊತ್ತಿಗೆ ಒಳಗೆ ಎರಡು ಪದರ ಆಗುತ್ತದೆ. ಮೇಲೆ ನೀರು, ಕೆಳಗೆ ನಮ್ಮದು. ಎರಡೂ ಒಂದೇ ಬಣ್ಣ, ಅಂದರೆ ಬಣ್ಣವೇ ಇಲ್ಲ. ನಡುವೆ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ ಮಾತ್ರ ಕಾಣುತ್ತದೆ. ಕೆಳಗಿನ ವಾಲ್ವ್ ತೆರೆದು, ಆ ಗೆರೆ ಇಳಿಯುತ್ತಾ ಇಳಿಯುತ್ತಾ ಕಿಂಡಿಗೆ ಬಂದ ಕ್ಷಣಕ್ಕೆ ಮುಚ್ಚಬೇಕು. ಅಲ್ಲಿ ಮಾತಾಡಲು ಯಾರೂ ಇರುವುದಿಲ್ಲ. ಮಾತಾಡಿಸಿದರೆ ಗೆರೆ ತಪ್ಪಿಹೋಗುತ್ತದೆ ಎಂದು ಇದ್ದವರೂ ಮಾತಾಡಿಸುವುದಿಲ್ಲ.

ನಾನು ತಡವಾಗಿ ಓದಿದವನು. ಅಪ್ಪ ತೀರಿಕೊಂಡಾಗ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಕ್ಕನ ಮನೆ ಸೇರಿದೆ. ಅಕ್ಕನ ಊರು ಕೆಂಗಲ್ಲಿನಿಂದ ಒಳಗೆ, ನಡೆದರೆ ಅರ್ಧ ಗಂಟೆ. ಭಾವ ಅಷ್ಟರಲ್ಲೇ ಹೋಗಿದ್ದ, ಮಕ್ಕಳಿರಲಿಲ್ಲ. ಅಕ್ಕ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳ ಸಾಕುತ್ತಿದ್ದಳು. ಆರೇಳು ವರ್ಷ ನಾನು ಸೊಪ್ಪು ಕೊಯ್ದೆ, ಹುಳಕ್ಕೆ ಹಾಕಿದೆ, ಗೂಡಿನ ಮೂಟೆ ಹೊತ್ತು ರಾಮನಗರದ ಮಾರ್ಕೆಟ್ಟಿಗೆ ಹೋದೆ. ಒಂದು ದಿವಸ ಗೂಡು ಬಿಡಿಸುತ್ತಾ ಕೂತಿದ್ದಾಗ ಅಕ್ಕ ಇದ್ದಕ್ಕಿದ್ದಂತೆ, “ನೀನು ಎಸ್ಸೆಲ್ಸಿ ಕಟ್ಟು ಕಣ್ಲಾ,” ಎಂದಳು.

“ಈಗ್ಲಾ? ಮೀಸೆ ಬಂದೈತೆ ನಂಗೆ.”

“ಮೀಸೆ ಬಂದೋರು ಬರೀಬ್ಯಾಡ್ದು ಅಂತ ಎಲ್ಲೈತೆ? ಉಳ ನಾನ್ ನೋಡ್ಕತೀನಿ. ನೀನ್ ಓಗು.”

ಹೋದೆ. ಎಸ್ಸೆಲ್ಸಿ ಎರಡು ಸಲಕ್ಕೆ ಆಯಿತು. ಪಿಯುಸಿಯಲ್ಲಿ ಕೂತಾಗ ಮುಂದಿನ ಬೆಂಚಿನವರು ನನ್ನನ್ನು ಅಂಕಲ್ ಎನ್ನುತ್ತಿದ್ದರು. ಚನ್ನಪಟ್ಟಣದಲ್ಲಿ ಬಿಎಸ್ಸಿ ಸೇರುವ ಹೊತ್ತಿಗೆ ಅಂಕಲ್ ಹೋಗಿ ಅಣ್ಣ ಆಗಿದ್ದೆ, ಅದೊಂದು ಸಮಾಧಾನ.

ಬ್ಯುಟೈಲ್ ಬ್ರೋಮೈಡನ್ನು ನಾನು ಮೊದಲು ಕಂಡದ್ದು ಆ ಕಾಲೇಜಿನ ಲ್ಯಾಬಿನಲ್ಲಿ. ಕಷ್ಟಪಟ್ಟು ಕುದಿಸಿ, ಬಟ್ಟಿ ಇಳಿಸಿ, ಅದನ್ನು ಉದ್ದ ಕೊಳವೆಯ ಗಾಜಿನ ಬುರುಡೆಗೆ ಹಾಕಿದೆ. ಎರಡು ಪದರ ಆಯಿತು. ಎಣ್ಣೆ ಯಾವತ್ತೂ ನೀರಿನ ಮೇಲೆ ತೇಲುತ್ತದೆ, ಇದೂ ತೇಲಲೇಬೇಕು ಎಂದುಕೊಂಡು ಕೆಳಗಿನದನ್ನು ಸಿಂಕಿಗೆ ಬಿಟ್ಟೆ. ಮೇಲಿನದನ್ನು ಜೋಪಾನವಾಗಿ ಬಾಟಲಿಗೆ ತುಂಬಿ ಮೇಷ್ಟ್ರಿಗೆ ಕೊಟ್ಟೆ. ಅವರು ಮಾಗಡಿ ಕಡೆಯವರು, ಮಾತು ನಿಧಾನ. ಮೂಸಿದರು. ಮತ್ತೆ ಮೂಸಿದರು.

“ಏನಪ್ಪಾ ಇದು?”

“ಬ್ಯುಟೈಲ್ ಬ್ರೋಮೈಡ್ ಸಾರ್.”

“ಇದು ನೀರು ಕಣಪ್ಪ. ನಿನ್ ಮಾಲು ಸಿಂಕಲ್ಲಿ ಓಯ್ತು.”

ಪಕ್ಕದ ಟೇಬಲ್ಲಿನವನು ಕೂಗಿದ: “ಅಣ್ಣಂಗೆ ಈ ಸಲ ಬೆಳೆ ಓಯ್ತು ಕಣ್ರೋ!” ನಾನು ಹುಳದ ಮನೆಯಿಂದ ಬಂದವನೆಂದು ಎಲ್ಲರಿಗೂ ಗೊತ್ತಿತ್ತು. ಇಡೀ ಲ್ಯಾಬು ನಕ್ಕಿತು. ಮೇಷ್ಟ್ರು ನಗಲಿಲ್ಲ. “ಇದು ನೀರಿಗೆ ಸೇರಲ್ಲ, ನೀರಲ್ಲಿ ಕರಗಲ್ಲ. ನೀರಿಗಿಂತ ತೂಕ, ಅದುಕ್ಕೆ ತಳಕ್ಕೆ ಓಗಿ ಕೂತ್ಕತದೆ. ಅನುಮಾನ ಬಂದ್ರೆ ಒಂದ್ ಹನಿ ನೀರು ಬುಟ್ಟು ನೋಡು. ಹನಿ ಯಾವ್ದುಕ್ಕೆ ಸೇರ್ತದೋ ಅದು ನೀರು. ತಿಳೀತಾ?” ಎಂದರು.

ತಿಳಿಯಿತು. ಪರೀಕ್ಷೆಯಲ್ಲಿ ಅದೇ ಬಂತು, ಎರಡು ಅಂಕದ ಪ್ರಶ್ನೆ. ನೀರಿನಲ್ಲಿ ಕರಗುವುದಿಲ್ಲ, ನೀರಿಗಿಂತ ಹೆಚ್ಚು ಸಾಂದ್ರತೆ. ದುಂಡಗೆ ಬರೆದು ಅಡಿಗೆರೆ ಎಳೆದಿದ್ದೆ.

ಕಾರ್ಖಾನೆಗೆ ಸೇರಿದ ಮೇಲೆ ಹತ್ತಿರದಲ್ಲೇ ಒಂದು ರೂಮು ಮಾಡಿಕೊಂಡೆ. ಒಂದು ಕಿಟಕಿ, ಒಂದು ಗ್ಯಾಸು, ಒಂದು ಹಗ್ಗ. ಮೊದಲ ಆರು ತಿಂಗಳು ಮೈಮೇಲಿನ ವಾಸನೆ ನನಗೇ ಗೊತ್ತಾಗುತ್ತಿತ್ತು. ಆಮೇಲೆ ಗೊತ್ತಾಗುವುದು ನಿಂತಿತು. ವಾಸನೆ ಹೋಯಿತೆಂದು ಖುಷಿಪಟ್ಟೆ. ಹೋದದ್ದು ವಾಸನೆಯಲ್ಲ, ನನ್ನ ಮೂಗು. ಬಸ್ಸಿನಲ್ಲಿ ಪಕ್ಕ ಕೂತವರು ಒಂದು ಸ್ಟಾಪು ಕಳೆದ ಮೇಲೆ ಎದ್ದು ಬೇರೆ ಕಡೆ ಹೋಗುವುದನ್ನು ನೋಡಿ ಅದು ತಿಳಿಯಿತು. ಮಾಗಡಿ ಹತ್ತಿರ ಒಂದು ಹೆಣ್ಣು ನೋಡಲು ಹೋಗಿದ್ದೆವು. ಹೆಣ್ಣಿನ ಸೋದರಮಾವ ಕಾಫಿ ಲೋಟ ಕೈಗೆ ಕೊಟ್ಟು, ಒಂದು ಹೆಜ್ಜೆ ಹಿಂದಕ್ಕೆ ನಿಂತು, “ಸೆಂಟು ಒಸಿ ಜಾಸ್ತಿ ಆಗೈತೆ ಅನ್ಸುತ್ತೆ ಯಜಮಾನ್ರೇ,” ಎಂದ. ನಾನು ಸೆಂಟು ಹಾಕಿರಲಿಲ್ಲ. ಅವರು ಮತ್ತೆ ಹೇಳಿ ಕಳಿಸಲಿಲ್ಲ. ಆಮೇಲೆ ಒಂದೆರಡು ಕಡೆ ನೋಡಿ ನಾನೇ ಬೇಡ ಎಂದೆ.

ಭಾನುವಾರ ಮಾತ್ರ ಅಕ್ಕನ ಮನೆ. ರಾಮನಗರಕ್ಕೆ ಒಂದು ಬಸ್ಸು, ಕೆಂಗಲ್ಲಿಗೆ ಇನ್ನೊಂದು, ಅಲ್ಲಿಂದ ನಡಿಗೆ. ರೇಷ್ಮೆ ಹುಳಕ್ಕೆ ಯಾವ ವಾಸನೆಯೂ ಆಗುವುದಿಲ್ಲ. ಬೀಡಿ, ಸೆಂಟು, ಸೊಳ್ಳೆಬತ್ತಿ, ಯಾವುದೂ. ನಮ್ಮ ಕಡೆ ಹುಳ ಇರುವ ಮನೆಗೆ ಹೋದವರು ಬಾಗಿಲಲ್ಲೇ ನಿಂತು ಮಾತಾಡಿ ಬರುತ್ತಾರೆ. ಅಕ್ಕ ನನಗಾಗಿ ಒಂದು ವ್ಯವಸ್ಥೆ ಮಾಡಿದ್ದಳು. ಜಗಲಿಯ ಮೇಲೆ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ನನ್ನ ಒಂದು ಪಂಚೆ, ಒಂದು ಅಂಗಿ. ಬಂದವನು ತೊಟ್ಟಿಯ ಹತ್ತಿರ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಾಯಿಸಿ, ಆಮೇಲೆ ಊಟ. ಹುಳದ ಮನೆಗೆ ಮಾತ್ರ ಏನು ಮಾಡಿದರೂ ಪ್ರವೇಶವಿಲ್ಲ. ಆರೇಳು ವರ್ಷ ನಾನೇ ಸೊಪ್ಪು ಹಾಕಿದ ಮನೆ ಅದು. ಬಾಗಿಲಿನ ಸೊಳ್ಳೆಪರದೆಯ ಆಚೆ ನಿಂತು, ಹುಳ ಮೇಯುವ ಸದ್ದು ಕೇಳಿ, “ಚೆನ್ನಾಗ್ ಮೇಯ್ತಾವೆ,” ಎಂದು ಬರುತ್ತಿದ್ದೆ.

ಪಕ್ಕದ ಹೊಲದವರನ್ನು ನಾನು ಅತ್ತಿಗೆ ಎಂದು ಕರೆಯುತ್ತೇನೆ. ಸಂಬಂಧವೇನಿಲ್ಲ, ಕರೆದು ರೂಢಿ. ಅವರದೂ ಹುಳದ ಮನೆ ಇದೆ. ಅಕ್ಕನಿಗೂ ಅವರಿಗೂ ಮುಯ್ಯಾಳು ನಡೆಯುತ್ತಿತ್ತು. ಇವತ್ತು ನಿನ್ನ ಮನೆ ಕೆಲಸಕ್ಕೆ ನಾನು, ನಾಳೆ ನನ್ನ ಮನೆಗೆ ನೀನು, ಕೂಲಿ ಗೀಲಿ ಇಲ್ಲ. ಹುಳ ಸಾಕುವವರಿಗೆ ಇದು ಎಲ್ಲಕ್ಕಿಂತ ಬೇಕಾಗುವುದು ಹುಳ ಹಣ್ಣಾದ ದಿನ. ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಏಳೆಂಟು ದಿನ ಮೇಯ್ದು, ಒಂದು ಬೆಳಿಗ್ಗೆ ಹುಳ ಮೇಯುವುದನ್ನು ಬಿಡುತ್ತದೆ. ಮೈ ತಿಳಿಯಾಗಿ, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಹಾಸಿಗೆಯಲ್ಲೇ, ಕಸದ ಮೇಲೇ ನೂಲು ಬಿಟ್ಟುಬಿಡುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ಇಪ್ಪತ್ತು ವರ್ಷ ಇವರಿಬ್ಬರೂ ಒಬ್ಬರ ಹುಳ ಇನ್ನೊಬ್ಬರು ಎತ್ತಿದವರು.

ಅಕ್ಕ ಒಂದು ಸಲ ಕೇಳಿದಳು: “ನಿಮ್ ಫ್ಯಾಕ್ಟ್ರೀಲಿ ನೀಲಿ ಡ್ರಮ್ಮು ಇರ್ತವಂತಲ್ಲ, ಒಂದ್ ತತ್ತೀಯೇನ್ಲಾ? ತೊಟ್ಟಿ ಸೀಳು ಬುಟ್ಟೈತೆ. ಕರೆಂಟ್ ಇದ್ದಾಗ ನೀರು ತುಂಬಿಸಿಕ್ಕಬೇಕು.”

ಅಕ್ಕ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಖಾಲಿ ಡ್ರಮ್ಮನ್ನು ಹೊರಗೆ ಒಯ್ಯಬಾರದು ಎಂದು ನಮ್ಮಲ್ಲಿ ನಿಯಮ ಇದೆ, ಅದು ಸರಿಯಾದ ನಿಯಮ. ಒಂದು ಮೂಲೆಯಲ್ಲಿ ಬಿದ್ದಿದ್ದದ್ದನ್ನು ನಾನು ಸ್ಟೋರಿನವನಿಗೆ ದಮ್ಮಯ್ಯ ಗುಡ್ಡೆ ಹಾಕಿ ತಂದೆ. ರೂಮಿನ ಮುಂದೆ ಇಟ್ಟು ತೊಳೆದೆ. ಸೋಪಿನ ಪುಡಿ, ಹುಣಸೆಹಣ್ಣು, ಬೂದಿ. ಏಳು ಸಲ ನೀರು ತುಂಬಿಸಿ ಚೆಲ್ಲಿದೆ. ಎರಡು ದಿನ ಬಿಸಿಲಿಗೆ ಬೋರಲು ಹಾಕಿದೆ. ತಲೆ ಒಳಗೆ ಹಾಕಿ ಮೂಸಿದೆ, ಏನೂ ಇಲ್ಲ.

ಶನಿವಾರ ಬಸ್ಸಿನ ಮೇಲೆ ಹಾಕಿಸಿದೆ. ಕಂಡಕ್ಟರ್, “ಡ್ರಮ್ಮು ಯಾರ್ದಪ್ಪಾ? ಒಳಗೆ ಯಾರಾನಾ ಕೂತಿದ್ರೆ ಅವರ್ದೂ ಟಿಕೆಟ್ ತಗಳಿ,” ಎಂದ. ಬಸ್ಸು ನಕ್ಕಿತು, ನಾನೂ ನಕ್ಕೆ. ಕೆಂಗಲ್ಲಿನಿಂದ ತಲೆಯ ಮೇಲೆ ಹೊತ್ತುಕೊಂಡು ಹೋದೆ. ಅಕ್ಕನಿಗೆ ಸಂತೋಷವೋ ಸಂತೋಷ. ಅತ್ತಿಗೆಯನ್ನು ಬದುವಿನ ಆಚೆಯಿಂದಲೇ ಕೂಗಿ ಕರೆದು ತೋರಿಸಿದಳು. ಆಮೇಲೆ ಡ್ರಮ್ಮಿನೊಳಗೆ ಬಗ್ಗಿ ನೋಡಿ ತಲೆ ಎತ್ತಿದಳು.

“ಒಸಿ ಸೀ ವಾಸ್ನೆ ಬತ್ತದಲ್ಲಾ?”

ಆ ಕ್ಷಣ ನನಗೆ ಚೆನ್ನಾಗಿ ನೆನಪಿದೆ. ಅಕ್ಕನ ಕೈ ಡ್ರಮ್ಮಿನ ಅಂಚಿನ ಮೇಲಿತ್ತು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನನಗೆ ವಾಸನೆ ಬರುತ್ತಿರಲಿಲ್ಲ, ಆದರೆ ನನ್ನ ಮೂಗು ಕೆಟ್ಟಿದೆ ಎಂದು ನನಗೆ ಗೊತ್ತಿತ್ತು. “ಹೊಸಾ ಪ್ಲಾಸ್ಟಿಕ್ ವಾಸ್ನೆ ಕಣಕ್ಕ,” ಎಂದೆ. ಅಷ್ಟು ದೂರ ಹೊತ್ತು ತಂದದ್ದನ್ನು ವಾಪಸು ಒಯ್ಯಲು ಮನಸ್ಸು ಬರಲಿಲ್ಲ. ಅಷ್ಟೇ ಕಾರಣ, ಬೇರೆ ಇಲ್ಲ.

ಮೂರು ವಾರ ಕಳೆದು ಹೋದಾಗ ಅಕ್ಕ ಹುಳದ ಮನೆಯ ಹೊರಗೆ ಕೂತಿದ್ದಳು. ಬಾಗಿಲು ಹಾರು ಹೊಡೆದಿತ್ತು. ಸೊಳ್ಳೆಪರದೆ ಮೇಲಕ್ಕೆ ಎತ್ತಿ ಕಟ್ಟಿತ್ತು. ನಾನು ತೊಟ್ಟಿಯ ಕಡೆ ಹೊರಟರೆ, “ನೀರು ಗೀರು ಏನೂ ಬ್ಯಾಡ. ಒಳಕ್ಕೇ ಓಗಿ ನೋಡು,” ಎಂದಳು. ಕಾರ್ಖಾನೆ ಸೇರಿದ ಮೇಲೆ ಮೊದಲ ಸಲ ನನಗೆ ಒಳಗೆ ಪ್ರವೇಶ ಸಿಕ್ಕಿತು. ನಾಲ್ಕನೇ ಜ್ವರ ಎದ್ದು ಐದು ದಿನ ಆದ ಹುಳ. ಬೆರಳು ಗಾತ್ರ. ಕೆಲವು ತಲೆ ಎತ್ತಿ ಅತ್ತಿಂದಿತ್ತ ಆಡಿಸುತ್ತಿದ್ದವು. ಹಣ್ಣಾದ ಹುಳ ಜಾಗ ಹುಡುಕುವುದೂ ಹೀಗೇ, ದೂರದಿಂದ ನೋಡಿದವರಿಗೆ ಒಂದೇ ಥರ ಕಾಣುತ್ತದೆ. ಹತ್ತಿರ ಹೋದರೆ ಬಾಯಲ್ಲಿ ಹಸಿರು ನೀರು. ಉಳಿದವು ಕುಗ್ಗಿ, ಮುದುಡಿ, ಸೊಪ್ಪಿನ ಮೇಲೇ ಬಿದ್ದಿದ್ದವು. ಆ ಮನೆಯಲ್ಲಿ ನಾನು ಯಾವತ್ತೂ ಕೇಳಿರದಿದ್ದ ನಿಶ್ಶಬ್ದ.

ಮೂಲೆಯಲ್ಲಿ ಕೊಯ್ದ ಸೊಪ್ಪು ರಾಶಿ ಇತ್ತು. ಬಾಡದಿರಲಿ ಎಂದು ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದಳು. ಎಲ್ಲರೂ ಹಾಗೇ ಮಾಡುತ್ತಾರೆ. ಗೋಣಿಚೀಲ ನೆನೆಸಿದ ಡ್ರಮ್ಮು ಬಾಗಿಲ ಪಕ್ಕದಲ್ಲೇ ನೀಲಿಯಾಗಿ ನಿಂತಿತ್ತು.

ಹೊರಗೆ ಜಗಳ ಶುರುವಾಗಿತ್ತು. ಅತ್ತಿಗೆಯ ಗಂಡ ಶುಕ್ರವಾರ ತಮ್ಮ ಬೀನ್ಸಿಗೆ ಔಷಧಿ ಹೊಡೆದಿದ್ದ. ಪಕ್ಕದಲ್ಲಿ ಹುಳ ಇದ್ದಾಗ ಮೊದಲೇ ಹೇಳಿ ಹೊಡೆಯಬೇಕು, ಸೊಪ್ಪು ಮುಂಚೆಯೇ ಕೊಯ್ದುಕೊಳ್ಳುತ್ತಾರೆ. ಈ ಸಲ ಹೇಳಿರಲಿಲ್ಲ.

“ಗಾಳಿ ಅತ್ಲಾಗಿತ್ತು ಕಣೇ, ನಿನ್ ಕಡೀಕೆ ಬೀಸ್ನೇ ಇಲ್ಲ,” ಎಂದು ಅತ್ತಿಗೆ ಬದುವಿನ ಮೇಲೆ ನಿಂತು ಹೇಳುತ್ತಿದ್ದರು.

“ಗಾಳೀನ ನಿನ್ ಗಂಡ ಕಟ್ಟಾಕಿದ್ನಾ? ಒಂದ್ ಮಾತು ಯೋಳಕ್ಕೆ ಬಾಯಿ ಬಿದ್ದೋಗಿತ್ತಾ ನಿಂಗೆ? ನಿನ್ ಉಳ ಎತ್ತಕ್ಕೆ ನಾ ಬೇಕು, ನನ್ ಉಳ ಸಾಯ್ಸಕ್ಕೆ ನೀ ಬೇಕು!”

“ನಾ ಯಾಕ್ ಸಾಯ್ಸಾನೇ? ನಿನ್ ಉಳ ನನ್ ಉಳ ಅಂತ ಯಾವತ್ ಬ್ಯಾರೆ ನೋಡಿದೀನಿ?”

ಅಕ್ಕ ನನ್ನ ಕಡೆ ತಿರುಗಿದಳು. “ನೀನು ಓದಿರೋನು. ಅವಳ ಮುಂದೇನೇ ಯೋಳು. ಔಸ್ತಿ ಗಾಳೀಲಿ ಬತ್ತದೋ ಇಲ್ವೋ?”

ಅವಳ ಹುಳದ ದುಡಿಮೆಯಲ್ಲಿ ಓದಿದ ಓದು. ಅದು ಅವಳಿಗೆ ಬೇಕಾದದ್ದು ಆ ಒಂದೇ ದಿನ. ನನ್ನ ತಲೆಯಲ್ಲಿ ಎರಡು ಅಂಕದ ಆ ಉತ್ತರ ಎದ್ದು ನಿಂತಿತ್ತು, ಅಡಿಗೆರೆ ಸಮೇತ. ನೀರಿನಲ್ಲಿ ಕರಗುವುದಿಲ್ಲ. ನಾನು ಏಳು ಸಲ ತೊಳೆದದ್ದು ನೀರಿನಲ್ಲಿ. ಕರಗದ್ದನ್ನು ನೀರು ಹೇಗೆ ಒಯ್ಯುತ್ತದೆ? ಪ್ಲಾಸ್ಟಿಕ್ಕಿನೊಳಗೆ ಹಿಂಗಿಕೊಂಡದ್ದು ಅಲ್ಲೇ ಇದ್ದು, ದಿನಾ ಒಸಿ ಒಸಿ ಬಿಟ್ಟಿರುತ್ತದೆ.

“ಬತ್ತದೆ,” ಎಂದೆ.

ಸುಳ್ಳಲ್ಲ. ಗಾಳಿಯಲ್ಲಿ ಔಷಧಿ ಬರುತ್ತದೆ. ಅತ್ತಿಗೆ ನನ್ನ ಮುಖ ನೋಡಿ, ಬದು ಇಳಿದು ಹೋದರು. ಅವತ್ತಿಗೆ ಮುಯ್ಯಾಳು ಮುಗಿಯಿತು.

ಸಂಜೆ ನಾನು ಡ್ರಮ್ಮಿಗೆ ಕಬ್ಬಿಣದ ಮೊಳೆಯಿಂದ ತೂತು ಹೊಡೆದು, ಸೋರುತ್ತಿದೆ ಎಂದು ಹೇಳಿ, ದೂರದ ಹಳ್ಳದಲ್ಲಿ ಹೂತುಬಂದೆ. ಅಕ್ಕ, “ಪಾಪ, ಎಷ್ಟ್ ದೂರದಿಂದ ಹೊತ್ಕಂಡ್ ಬಂದಿದ್ದೆ,” ಎಂದಳು.

ಆಮೇಲಿನ ಎರಡು ವರ್ಷ ನಾನು ಭಾನುವಾರ ಹೋಗುವುದನ್ನು ಕಡಿಮೆ ಮಾಡಿದೆ. ಡ್ಯೂಟಿ ಇದೆ ಎನ್ನುತ್ತಿದ್ದೆ. ಡ್ಯೂಟಿ ಇರುತ್ತಿರಲಿಲ್ಲ. ರೂಮಿನಲ್ಲಿ ಬಟ್ಟೆ ಒಗೆದು, ಹಗ್ಗಕ್ಕೆ ಹಾಕಿ, ಅದು ಒಣಗುವವರೆಗೆ ನೋಡುತ್ತಾ ಕೂತಿರುತ್ತಿದ್ದೆ. ಒಗೆದ ಬಟ್ಟೆಯನ್ನು ಮೂಸಿ ನೋಡುತ್ತಿದ್ದೆ, ಏನೂ ತಿಳಿಯುತ್ತಿರಲಿಲ್ಲ. ಯಾರನ್ನಾದರೂ ಕರೆದು ಮೂಸಿ ಹೇಳಿ ಎನ್ನೋಣವೆಂದರೆ ಅಂಥವರು ಯಾರೂ ಇರಲಿಲ್ಲ. ಕೆಲಸದಲ್ಲಿ ಗಾಜಿನ ಕಿಂಡಿ. ಗೆರೆ ಬರುವುದು, ವಾಲ್ವ್ ಮುಚ್ಚುವುದು. ಅಕ್ಕನಿಗೆ ಹೇಳಬೇಕು ಎಂದು ಪ್ರತಿ ಸಲ ಅನ್ನಿಸುತ್ತಿತ್ತು. ಹೇಳಿದರೆ ನನಗೆ ಉಳಿದಿರುವ ಒಂದೇ ಮನೆಯೂ ಹೋಗುತ್ತದೆ ಎಂದು ಅದರ ಹಿಂದೆಯೇ ಅನ್ನಿಸುತ್ತಿತ್ತು.

ಒಂದು ಶನಿವಾರ ಕೆಂಗಲ್ ಆಂಜನೇಯನ ಗುಡಿಯ ಮುಂದೆ ಅತ್ತಿಗೆ ಸಿಕ್ಕಿದರು. ಕೈಯಲ್ಲಿ ಒಡೆದ ತೆಂಗಿನಕಾಯಿ. ನನ್ನನ್ನು ನೋಡಿ ನಿಂತು, “ನಿಮ್ಮಕ್ಕ ಈ ಸಲ ಉಳ ಒಬ್ಳೇ ಎತ್ತುದ್ಲಾ?” ಎಂದು ಕೇಳಿದರು.

“ಕೂಲಿಯೋರ್ ಬಂದಿದ್ರಂತೆ ಅತ್ತಿಗೆ.”

“ಕೂಲಿಯೋರಿಗೆ ಹಣ್ಣುಳ ಯಾವ್ದು ಹಸಿ ಉಳ ಯಾವ್ದು ಏನ್ ಗೊತ್ತು,” ಎಂದು ಕಾಯಿಯ ಒಂದು ಹೋಳನ್ನು ನನ್ನ ಕೈಗೆ ಹಾಕಿ ಹೋದರು. ಆ ಹೋಳನ್ನು ನಾನು ತಿನ್ನಲಾರದೆ ರೂಮಿನವರೆಗೂ ಹಿಡಿದುಕೊಂಡು ಹೋದೆ.

ಕಳೆದ ಸಲ ರಾಗಿ ಕೊಯ್ಲಿಗೆ ಇನ್ನೂ ಹತ್ತು ಹದಿನೈದು ದಿನ ಇದ್ದಾಗ ಅಕ್ಕನ ಫೋನು ಬಂತು. ತೊಟ್ಟಿಯ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಪಟ್ಟಿ ಕಟ್ಟಿದ್ದರು. ಹುಳ ಅವತ್ತೇ ಬೆಳಿಗ್ಗೆ ಹಣ್ಣಾಗಿದ್ದವು. ಬರುತ್ತೇವೆಂದ ಕೂಲಿಯವರು ಮದುವೆ ಮನೆಗೆ ಹೋಗಿಬಿಟ್ಟಿದ್ದರು. “ಎಡಗೈಲಿ ಎಷ್ಟ್ ಅಂತ ಎತ್ಲಿ? ನೀ ಬಾ,” ಎಂದಳು. ಅಕ್ಕನ ದನಿ ಅಳುವ ಹಾಗೆ ಇದ್ದದ್ದನ್ನು ನಾನು ಕೇಳಿರಲಿಲ್ಲ.

ಕೆಲಸದ ಮಧ್ಯದಿಂದಲೇ ಕೇಳಿಕೊಂಡು ಹೊರಟೆ. ಹೋಗಿ ತಲೆಗೆ ಮೂರು ಸಲ ನೀರು ಹಾಕಿಕೊಂಡೆ. ಪೆಟ್ಟಿಗೆಯ ಬಟ್ಟೆ ಉಟ್ಟೆ. ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ತುಳಿದು ನಿಂತೆ. ಅಕ್ಕ ಪರದೆಯ ಒಳಗಿನಿಂದ ನನ್ನನ್ನು ನೋಡಿದಳು. ಒಳಕ್ಕೆ ಬಾ ಎನ್ನಲು ಬಾಯಿ ತೆರೆದಳು, ಮೂಗು ಅರಳಿತು, ಬಾಯಿ ಮುಚ್ಚಿದಳು.

“ಕೂದ್ಲಲ್ಲೈತೆ ಕಣ್ಲಾ. ನಾನೇ ಕರ್ಸಿ ನಾನೇ ಬ್ಯಾಡ ಅಂದಂಗಾಯ್ತು. ಏನ್ ಮಾಡ್ಲಿ?”

ಅವಳ ಹಿಂದೆ, ಅಟ್ಟಣೆ ಅಟ್ಟಣೆಯಲ್ಲೂ ಹುಳ ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಕೆಲವು ಆಗಲೇ ಕಡ್ಡಿ ಕಸದ ಮೇಲೆ ನೂಲು ಬಿಡುತ್ತಿದ್ದವು. ಬದುವಿನ ಆಚೆ ಅತ್ತಿಗೆಯ ಮನೆಯಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಬರಬಲ್ಲವಳನ್ನು ಅಕ್ಕ ಕರೆಯುವುದಿಲ್ಲ. ಕರೆದವನು ಒಳಗೆ ಬರುವ ಹಾಗಿಲ್ಲ. ಎರಡಕ್ಕೂ ಕಾರಣ ನಾನು.

“ಅಕ್ಕ, ಅತ್ತಿಗೇನ ಕರಿ.”

“ಅವಳ ಹೆಸರೆತ್ತಬ್ಯಾಡ.”

“ಅವತ್ತು ಉಳ ಸತ್ತಿದ್ದು ಬೀನ್ಸ್ ಔಸ್ತಿಯಿಂದ ಅಂತ ಯೋಳಕ್ಕಾಗಲ್ಲ ಅಕ್ಕ. ನಾ ತಂದಿದ್ದ ಡ್ರಮ್ಮಿಂದಾನೇ ಇರ್ಬೋದು. ನಮ್ ಫ್ಯಾಕ್ಟ್ರೀದು ನೀರಲ್ಲಿ ತೊಳುದ್ರೆ ಓಗಲ್ಲ. ನಂಗೆ ಗೊತ್ತಿತ್ತು. ಸೀ ವಾಸ್ನೆ ಅಂದೆ ನೀನು. ನಾನು ಪ್ಲಾಸ್ಟಿಕ್ ಅಂದೆ.”

ಅಕ್ಕ ಎಡಗೈಯಲ್ಲಿ ಒಂದು ಹುಳ ಹಿಡಿದಿದ್ದಳು. ಅದನ್ನು ಚಂದ್ರಿಕೆಗೆ ಬಿಟ್ಟಳು. ಇನ್ನೊಂದು ಎತ್ತಿದಳು. ಅದನ್ನೂ ಬಿಟ್ಟಳು. ಹೀಗೇ ಹತ್ತು ಹನ್ನೆರಡು ಹುಳ ಬಿಟ್ಟಳು.

“ಅವತ್ ಅವಳ ಮುಂದೆ ನಿನ್ನ ಕೇಳ್ದೆ ನಾನು,” ಎಂದಳು ಆಮೇಲೆ.

“ಹೂಂ.”

“ಓದಿರೋನು ಅಂತ ಕೇಳ್ದೆ.”

“ಹೂಂ ಅಕ್ಕ.”

“ಇಲ್ ಯಾಕ್ ನಿಂತಿದೀಯ? ನಂಗ್ ಯೋಳಿ ಏನ್ ಬಂತು? ಅವಳ್ಗೆ ಯೋಳೋಗು.”

ಬದು ದಾಟಿದೆ. ಅತ್ತಿಗೆ ಪಾತ್ರೆ ತೊಳೆಯುತ್ತಾ ಕೂತಿದ್ದವರು ಕೂತೇ ಕೇಳಿದರು. ಹೇಳಿ ಮುಗಿಸಿದ ಮೇಲೂ ಬೂದಿ ಹತ್ತಿದ ಕೈ ಹಾಗೇ ಗಾಳಿಯಲ್ಲಿತ್ತು.

“ಅಂಗಾರೆ ನಮ್ ಔಸ್ತಿ ಅಲ್ವಾ?”

“ಗೊತ್ತಿಲ್ಲ ಅತ್ತಿಗೆ. ಅದೂ ಇರ್ಬೋದು. ಡ್ರಮ್ಮೂ ಇರ್ಬೋದು.”

“ಓದಿರೋನ್ಗೂ ಗೊತ್ತಾಗಲ್ವಾ?”

“ಇಲ್ಲ. ಡ್ರಮ್ಮು ಹೂತಾಕ್ಬುಟ್ಟೆ. ಪರೀಕ್ಷೆ ಮಾಡಕ್ಕೂ ಏನೂ ಉಳಿಸ್ಲಿಲ್ಲ.”

“ಎಲ್ಡು ವರ್ಷದಿಂದ ನನ್ ಗಂಡಂಗೆ ದಿನಾ ಬಯ್ದಿದೀನಲ್ಲಪ್ಪ ನಾನು! ಆ ಮನ್ಸ ಬೀನ್ಸೇ ಹಾಕೋದ್ ಬುಟ್ಬುಟ್ಟ. ಗಾಳಿ ಅತ್ಲಾಗಿತ್ತು ಅಂತ ಬಾಯಲ್ಲಿ ಅಂದೆ, ನಂಗೇನ್ ನಂಬ್ಕೆ ಇತ್ತಾ? ನಮ್ದೇ ತಪ್ಪು ಅಂತ ಆಂಜನೇಯಂಗೆ ಕಾಯಿ ಒಡೀತಾ ಇದೀನಿ.” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಥೂ ನಿನ್ನ. ಆ ಕಾಯಿ ತಿಂದ್ಯಲ್ಲೋ ನೀನು.”

ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

ಅತ್ತಿಗೆ ಎದ್ದು ಕೈಕಾಲು ತೊಳೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬದು ಹತ್ತಿ, ಯಾರನ್ನೂ ಕೇಳದೆ ಹುಳದ ಮನೆಗೆ ಹೋದರು. ನಾನು ಜಗಲಿಯ ಮೇಲೆ ತಗಡಿನ ಪೆಟ್ಟಿಗೆಯ ಪಕ್ಕ ಕೂತೆ. ಆಮೇಲೆ ಅತ್ತಿಗೆಯ ದನಿ: “ಆ ಚಂದ್ರಿಕೆ ಇತ್ಲಾಗ್ ನೂಕು.” ಮತ್ತೆ ಸ್ವಲ್ಪ ಹೊತ್ತಿಗೆ: “ಮುರ್ದಿರೋ ಕೈ ಆಡಿಸ್ಬ್ಯಾಡ್ವೇ, ಕೂತ್ಕ ಸುಮ್ಕೆ.” ಅಕ್ಕ ಏನೋ ಅಂದಳು. ಇಬ್ಬರೂ ನಕ್ಕರು. ಯಾವುದಕ್ಕೆ ನಕ್ಕರೋ ತಿಳಿಯಲಿಲ್ಲ. ನಾನು ಕೂತಲ್ಲೇ ಕೂತಿದ್ದೆ. ಮಾಡಲು ನನಗೆ ಕೆಲಸವಿರಲಿಲ್ಲ, ಎದ್ದು ಹೋಗಲು ಮನಸ್ಸಿರಲಿಲ್ಲ.

ಹೊತ್ತು ಇಳಿಯುವಾಗ ಅಕ್ಕ ತಟ್ಟೆಯಲ್ಲಿ ಮುದ್ದೆ, ಉಪ್ಸಾರು ತಂದು ನನ್ನ ಮುಂದೆ ಇಟ್ಟಳು. ಎಡಗೈಯಲ್ಲಿ ತಂದಿದ್ದರಿಂದ ಸಾರು ಅರ್ಧ ಚೆಲ್ಲಿತ್ತು. ಮುಖ ನೋಡದೆ ಹೇಳಿದಳು:

“ಅವಳು ಇವತ್ ಬಂದಿದ್ದು ಮುಯ್ಯಿ. ನನ್ ಕೈಲಿ ಈಗ ತೀರ್ಸಕ್ಕಾಗಲ್ಲ. ನೀನೇ ತೀರ್ಸಬೇಕು.”

“ಉಳದ್ ಮನೇಗೆ ನನ್ನ ಯಾರ್ ಬುಟ್ಕತಾರಕ್ಕ?”

“ರಾಗಿ ಹೊಲಕ್ಕೆ ಬಾಗ್ಲಿಲ್ಲ. ಓಗಿ ಕೊಯ್ಯಿ.”

ಹದಿನೈದು ದಿನ ಕಳೆದು ರಜೆ ಹಾಕಿ ಹೋದೆ. ಅತ್ತಿಗೆಯ ಗಂಡ ನನ್ನ ಕೈಗೆ ಕುಡುಗೋಲು ಕೊಟ್ಟು ಒಂದು ಸಾಲು ತೋರಿಸಿದ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಒಂದು ಸಲ ಮಾತ್ರ, “ಗಾಳಿ ಅತ್ಲಾಗೇ ಇತ್ತು ಅವತ್ತು,” ಎಂದ. ನನಗೆ ಹೇಳಿದನೋ ರಾಗಿಗೆ ಹೇಳಿದನೋ ಗೊತ್ತಾಗಲಿಲ್ಲ. “ಹೂಂ ಅಣ್ಣ,” ಎಂದೆ. ಹದಿನೈದು ವರ್ಷದಿಂದ ಬಗ್ಗಿ ಕೆಲಸ ಮಾಡದ ಸೊಂಟ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಬಿಸಿಲು ಇಳಿಮುಖ ಆದಾಗ ಅಕ್ಕ ಬದುವಿನ ಮೇಲೆ ಬಂದಳು. ಎಡಗೈಯಲ್ಲಿ ಮಜ್ಜಿಗೆ ಚೊಂಬು. ಮುಯ್ಯಾಳಿಗೆ ಮಜ್ಜಿಗೆ ಕೊಡಬೇಕಾದವರು ಹೊಲದವರು, ಅವಳಲ್ಲ. ಆದರೂ ತಂದಿದ್ದಳು. ನಾನು ಬದುವಿನ ಮೇಲೆ ಕೂತು ಕುಡಿದೆ. ಅವಳು ನಿಂತೇ ಇದ್ದಳು. ಆ ದಿನದಿಂದ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು.

“ವಾಸ್ನೆ ಇನ್ನೂ ಬತ್ತೈತೆ,” ಎಂದಳು.

“ಯಾವ್ದು?”

“ನಿಂದು. ಇಷ್ಟ್ ಬೆವರಿದ್ರೂ ಓಗಿಲ್ಲ.”

“ಏನ್ ವಾಸ್ನೆ ಅಕ್ಕ? ನಂಗ್ ಗೊತ್ತಾಗಲ್ಲ.”

“ಸೀ ವಾಸ್ನೆ. ಡ್ರಮ್ಮಲ್ಲಿ ಬಂತಲ್ಲ, ಅದೇ,” ಎಂದಳು.

ಆಮೇಲೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ರಾಗಿ ತೆನೆ ಬಾಗಿದ್ದನ್ನು ನೋಡಿದಳು. ನನ್ನ ಹಿಂದಿನಿಂದ ಸುತ್ತಿ ಗಾಳಿ ಬರುವ ಮಗ್ಗುಲಿಗೆ ಬಂದು, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ನಿಧಾನವಾಗಿ ಕೂತಳು.